ಲೋನ್ ಬೇಕಾ ಎಂಬ ಕರೆಗಳಿಗೆ ಒಂದು ಮದ್ದು

ನಿನ್ನೆ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದಾಗ ಮೂರು ಸಲ ಫೋನ್. ಮೂರೂ ಪರ್ಸನಲ್ ಲೋನಿನವರದ್ದೇ. ಮಲಯಾಳದಲ್ಲಿ ಬೇಡ ಅಂದರೆ ಹಿಂದಿಯಲ್ಲಿ ಶುರು! ಕಾಸರಗೋಡಿನ ಬದಿಯಡ್ಕ, ಕುಂಬಳೆ ಕಡೆಯ ನಮ್ಮವರಿಗೂ ಈ ಕಾಟ ಇದ್ದೀತು. ಬೈದು ಪ್ರಯೋಜನವಿಲ್ಲ, ನಾನು ಬೈದು ನೋಡಿಯಾಗಿದೆ.

ಇಂಥ ಜಾಹೀರಾತಿನ ಕರೆ, ಮೆಸೇಜ್ ನಿಲ್ಲಿಸಲು 1909ಕ್ಕೆ ‘ಸ್ಟಾರ್ಟ್ 0’ ಅಂತ ಮೆಸೇಜ್ ಹಾಕಿ. ಇಂಗ್ಲಿಷ್ ಅಕ್ಷರದಲ್ಲಿ, ಸೊನ್ನೆಗೆ ಮೊದಲು ಸ್ವಲ್ಪ ಜಾಗ ಬಿಟ್ಟು. ಬ್ಯಾಂಕಿನ ಒಟಿಪಿ ನಿಲ್ಲುವುದಿಲ್ಲ, ಹೆದರಬೇಡಿ. ಅಮ್ಮನ ಕೀಪ್ಯಾಡ್ ಫೋನಿಂದ 1909ಕ್ಕೆ ಕರೆ ಮಾಡಿದರೂ ಆದೀತು. ಆಮೇಲೂ ಬಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಡಿಎನ್‌ಡಿ ಆ್ಯಪಿನಲ್ಲಿ 7 ದಿನದೊಳಗೆ ದೂರು ಕೊಡಿ.

ಮೆಸೇಜ್ ಕಳಿಸಿದವರ ಹೆಸರಿನ ತುದಿಯಲ್ಲಿ ‘ಪಿ’ ಇದ್ದರೆ ಜಾಹೀರಾತು. ನಂಬರ್ 140ರಿಂದ ಶುರುವಾದರೆ ನಾನಂತೂ ಎತ್ತುವುದಿಲ್ಲ.