ಮಾತ್ರೆ ಕವರ್ ಮೇಲೆ ಏನಂತ ಬರೆಯಬೇಕು?

ನಮ್ಮ ಮೆಡಿಕಲ್ ಶಾಪ್‌ನಲ್ಲಿ ಒಮ್ಮೆ ಒಬ್ಬ ಅಜ್ಜನಿಗೆ ವಿಟಮಿನ್ ಡಿ ಮಾತ್ರೆ ಕೊಟ್ಟೆ. 60,000 ಯೂನಿಟ್‌ನದು, ವಾರಕ್ಕೆ ಒಂದೇ ಒಂದು. ಗಡಿಬಿಡಿಯಲ್ಲಿ ಕವರ್ ಮೇಲೆ ‘1 ವಾರ’ ಎಂದು ಗೀಚಿದ್ದೆ. ನಾಲ್ಕು ದಿನ ಬಿಟ್ಟು ಅಜ್ಜ ಬಂದರು. ‘ಇನ್ನೂ ಮೂರು ಕೊಡಪ್ಪ, ಸ್ಟ್ರಿಪ್‌ನಲ್ಲಿ ನಾಲ್ಕೇ ಇದ್ವು’ ಅಂದರು. ಎದೆ ಧಸಕ್ಕೆಂದಿತು. ತಕ್ಷಣ ಡಾಕ್ಟರಿಗೆ ಫೋನ್ ಮಾಡಿದೆ. ಪುಣ್ಯಕ್ಕೆ ಏನೂ ಆಗಲಿಲ್ಲ. ಅಜ್ಜ ನಾನು ಬರೆದದ್ದನ್ನೇ ಓದಿದ್ದರು, ಅಷ್ಟೇ.

ಈಗ ‘ಭಾನುವಾರ ಮಾತ್ರ 1’ ಎಂದು ಬರೆಯುತ್ತೇನೆ. ಕೆಳಗೆ ನಾಲ್ಕೂ ಭಾನುವಾರದ ತಾರೀಖು. ಮನೆಯ ಹಿರಿಯರಿಗೆ ಚೀಟಿ ಬರೆಯುವಾಗ ನೀವೂ ಹೀಗೇ ಮಾಡಿ.

1-0-1 ಅಂದರೆ ಬೆಳಗ್ಗೆ ಒಂದು, ರಾತ್ರಿ ಒಂದು. ಅದರ ಪಕ್ಕ ‘ಊಟ ಆದಮೇಲೆ’ ಅಂತ ಬರೆದರೆ ಎಡವಟ್ಟು ಶುರು. ಬೆಳಗ್ಗೆ ತಿನ್ನೋದು ತಿಂಡಿ ಅಲ್ವಾ? ಹಾಗಾಗಿ ಬೆಳಗಿನ ಶುಗರ್ ಮಾತ್ರೆಯನ್ನು ಮಧ್ಯಾಹ್ನದ ಊಟದ ತನಕ ಎತ್ತಿಡುವವರಿದ್ದಾರೆ. ‘ಬೆಳಗ್ಗೆ ತಿಂಡಿ ಆದಮೇಲೆ 1, ರಾತ್ರಿ ಊಟ ಆದಮೇಲೆ 1’ ಎಂದು ಪೂರ್ತಿ ಬರೆಯಿರಿ. ಬೆಳಗ್ಗೆಯೇ ಮುದ್ದೆ ಉಂಡು ಹೊಲಕ್ಕೆ ಹೋಗುವವರಿಗೆ ‘ತಿಂಡಿ’ ಅಂದರೂ ಕಷ್ಟ. ಅದಕ್ಕೇ ಮೊದಲು ಕೇಳಿಬಿಡಿ, ಎಷ್ಟು ಹೊತ್ತಿಗೆ ಏನು ತಿಂತೀರಿ ಅಂತ.

‘ಖಾಲಿ ಹೊಟ್ಟೆಯಲ್ಲಿ’ ಅನ್ನೋದೂ ಹಾಗೆಯೇ. ನಮ್ಮವರ ಲೆಕ್ಕದಲ್ಲಿ ಕಾಫಿ ಕುಡಿದರೂ ಹೊಟ್ಟೆ ಖಾಲಿಯೇ! ಥೈರಾಯ್ಡ್ ಮಾತ್ರೆಗೆ ನಾನು ಬರೆಯುವುದು ಹೀಗೆ: ‘ಎದ್ದ ತಕ್ಷಣ, ಬರೀ ನೀರಲ್ಲಿ. ಅರ್ಧ ಗಂಟೆಯಿಂದ ಒಂದು ಗಂಟೆ ಕಾಫಿನೂ ಬೇಡ.’

ಮಕ್ಕಳ ಸಿರಪ್‌ಗೆ ‘1 ಚಮಚ’ ಬರೆಯಲೇಬೇಡಿ. ಒಂದೊಂದು ಮನೆಯ ಚಮಚ ಒಂದೊಂದು ಅಳತೆ. ಡಾಕ್ಟರ್ 5 ಎಂಎಲ್ ಹೇಳಿದ್ದರೆ ಬಾಟಲಿ ಜೊತೆ ಬರುವ ಅಳತೆ ಮುಚ್ಚಳದ ಆ ಗೆರೆಯ ಮೇಲೆ ಪೆನ್ನಿನಿಂದ ಗುರುತು ಹಾಕಿಕೊಡಿ. ಓಆರ್‌ಎಸ್ ಪುಡಿಯಲ್ಲಿ ಒಂದು ಲೀಟರ್ ನೀರಿನದೂ ಇದೆ, 200 ಎಂಎಲ್‌ನ ಚಿಕ್ಕದೂ ಇದೆ. ನಿಮ್ಮ ಕೈಯಲ್ಲಿರೋದು ಯಾವುದು ಅಂತ ನೋಡಿ, ನೀರಿನ ಅಳತೆಯನ್ನು ಪ್ಯಾಕೆಟ್ ಮೇಲೆಯೇ ದಪ್ಪಗೆ ಬರೆಯಿರಿ.

‘ಬಿಳಿ ಮಾತ್ರೆ’, ‘ಗುಲಾಬಿ ಮಾತ್ರೆ’ ಅಂತ ಗುರುತು ಹೇಳಬೇಡಿ. ಮುಂದಿನ ತಿಂಗಳು ಬೇರೆ ಕಂಪನಿಯದು ಬಂದರೆ ಬಣ್ಣವೇ ಬೇರೆ. ಹೆಸರು ಬರೆದು ಪಕ್ಕದಲ್ಲಿ ‘ಬಿಪಿಗೆ’, ‘ಶುಗರ್‌ಗೆ’ ಅಂದರೆ ಸಾಕು.

ಎಲ್ಲ ಬರೆದ ಮೇಲೆ ‘ಗೊತ್ತಾಯ್ತಾ?’ ಅಂತ ಕೇಳಬೇಡಿ. ಗೊತ್ತಾಗದಿದ್ದವರೂ ‘ಹೂಂ’ ಅಂತಾರೆ. ‘ಮನೇಲಿ ಸೊಸೆ ಕೇಳಿದ್ರೆ ಏನಂತ ಹೇಳ್ತೀರಿ ಅಜ್ಜಿ?’ ಎಂದು ಕೇಳಿ ನೋಡಿ. ಮೊನ್ನೆ ಒಬ್ಬ ಅಜ್ಜಿ ಪಟಪಟ ಅಂತ ಒಪ್ಪಿಸಿದರು. ಕೊನೆಗೆ ದಮ್ಮಿನ ಕ್ಯಾಪ್ಸೂಲ್ ತೋರಿಸಿ, ‘ಇದನ್ನ ರಾತ್ರಿ ನುಂಗೋದು’ ಅಂದರು. ಅದು ಮೆಷಿನ್‌ಗೆ ಹಾಕಿ ಬಾಯಿಂದ ಎಳೆದುಕೊಳ್ಳೋದು. ಕವರ್ ವಾಪಸ್ ಇಸ್ಕೊಂಡು ಕೆಂಪು ಪೆನ್ನಲ್ಲಿ ‘ನುಂಗಬೇಡಿ’ ಎಂದು ಬರೆದುಕೊಟ್ಟೆ.