ಸಜಾತಿ ಪದ ಕೂಡಿಸುವಾಗ ಚಿಹ್ನೆ ತಪ್ಪದಿರಲು
ಸಜಾತಿ ಪದಗಳನ್ನು, ಅಂದರೆ 7ಅ, 9ಅ ತರಹ ಒಂದೇ ಅಕ್ಷರ ಇರುವ ಪದಗಳನ್ನು ಅಥವಾ ಬರೀ ಸಂಖ್ಯೆಗಳನ್ನು, ಕೂಡಿಸುವ ಮೊದಲು, ಪ್ರತಿ ಪದಕ್ಕೂ ಅದರ ಎಡಗಡೆಯ ಚಿಹ್ನೆ ಸೇರಿಸಿ ಪೆನ್ಸಿಲ್‌ನಲ್ಲಿ ಒಂದು ಸುತ್ತು ಹಾಕಿ. ಆಮೇಲೆ ಪದವನ್ನು ಎಲ್ಲಿಗೆ ಸರಿಸಿದರೂ ಸುತ್ತಿನ ಸಮೇತ ಸರಿಸಿ. ಉದಾಹರಣೆಗೆ 7ಅ − 3 − 9ಅ + 8 − ಅ ತಗೊಳ್ಳಿ. ಸುತ್ತು ಹಾಕಿದರೆ +7ಅ, −3, −9ಅ, +8, −ಅ ಸಿಗುತ್ತವೆ. ಮೊದಲ ಪದದ ಹಿಂದೆ ಏನೂ ಇಲ್ಲದಿದ್ದರೆ ಅದು ಪ್ಲಸ್. ಈಗ ಅ ಇರುವ ಪದಗಳನ್ನು ಒಂದು ಕಡೆ ತನ್ನಿ: 7ಅ − 9ಅ − 1ಅ, ಅಂದರೆ −3ಅ. ಉಳಿದಿದ್ದು −3 + 8, ಅಂದರೆ 5. ಉತ್ತರ −3ಅ + 5. ಕೊನೆಯ −ಅ ಅಂದರೆ −1ಅ. ಮಕ್ಕಳ ಕೈಜಾರುವುದು ಇಲ್ಲೇ, ಹಾಗಾಗಿ ಆ 1 ಅನ್ನು ಬರೆದೇ ಬಿಡಲಿ. ಕಳೆಯುವುದು ಅಂದರೆ ಋಣ (ಮೈನಸ್) ಪದವನ್ನು ಕೂಡಿಸುವುದೇ ಅಲ್ವಾ, ಅದಕ್ಕೇ ಈ ಉಪಾಯ ನಡೆಯುತ್ತದೆ: ಇಡೀ ಸಾಲು ಕೂಡುವ ಲೆಕ್ಕವಾಗುತ್ತದೆ, ಕೂಡುವಾಗ ಪದಗಳನ್ನು ಹಿಂದೆ ಮುಂದೆ ಮಾಡಿದರೂ ಮೊತ್ತ ಬದಲಾಗಲ್ಲ. ಇಲ್ಲಿ ‘ಮೈನಸ್ ಮೈನಸ್ ಪ್ಲಸ್’ ಅನ್ನೋ ಗುಣಾಕಾರದ ನಿಯಮ ತರಬೇಡಿ. −9 − 1 ಅಂದರೆ −10, +10 ಅಲ್ಲ. ಆವರಣ ಇದ್ದರೆ ಮಾತ್ರ ಸುಮ್ನೆ ಸುತ್ತು ಹಾಕಿದರೆ ಕೆಡುತ್ತದೆ. 4ಅ − (2ಅ − 5) ಇದ್ದಾಗ ಹೊರಗಿನ ಮೈನಸ್ ಒಳಗಿನ ಎರಡೂ ಪದಕ್ಕೆ ತಾಗುತ್ತದೆ. ಮೊದಲು 4ಅ − 2ಅ + 5 ಅಂತ ಬಿಡಿಸಿ, ಆಮೇಲೆ ಸುತ್ತು ಹಾಕಿ. ಅನುಮಾನ ಬಂದರೆ ಅ = 2 ಹಾಕಿ ನೋಡಿ: ಮೊದಲ ಲೆಕ್ಕದಲ್ಲಿ ಪ್ರಶ್ನೆಗೂ ಉತ್ತರಕ್ಕೂ −1 ಬರುತ್ತದೆ.