15 ಹಲ್ಲಿನಿಂದ 16ಕ್ಕೆ: ಇಂಟರ್ಸೆಪ್ಟರ್ ಗೇರಿಂಗ್ ಬದಲಿಸಿ, ಆಮೇಲೆ ಫ್ಯೂಯಲ್ ಮ್ಯಾಪ್ ಸರಿ ಮಾಡಿದ್ದು

ಬೈಕಿನ ಮುಂದಿನ ಸ್ಪ್ರಾಕೆಟ್‌ಗೆ, ಅಂದರೆ ಚೈನ್ ಎಳೆಯುವ ಹಲ್ಲಿನ ಚಕ್ರಕ್ಕೆ, ಒಂದು ಹಲ್ಲು ಜಾಸ್ತಿ ಮಾಡಿದರೆ ಏನಾಗುತ್ತದೆ ಅಂತ ಯಾವ ಗ್ಯಾರೇಜಿನಲ್ಲಿ ಕೇಳಿದರೂ ಉತ್ತರ ಒಂದೇ: ಪಿಕಪ್ ಸ್ವಲ್ಪ ಕಮ್ಮಿ, ಹೈವೇಯಲ್ಲಿ ಆರಾಮ. ಸುಳ್ಳಲ್ಲ. ಆದರೆ ಕಂಪ್ಯೂಟರ್ ಲೆಕ್ಕದಂತೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಗಾಡಿಯಲ್ಲಿ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಅದೇ ವೇಗಕ್ಕೆ ಇಂಜಿನ್ ಈಗ ಕಡಿಮೆ ಆರ್‌ಪಿಎಂನಲ್ಲಿ ತಿರುಗುತ್ತದೆ, ಥ್ರಾಟಲ್ ಸ್ವಲ್ಪ ಜಾಸ್ತಿ ತೆರೆದಿರುತ್ತದೆ. ಎಷ್ಟು ಪೆಟ್ರೋಲ್ ಕೊಡಬೇಕು ಅಂತ ಹೇಳುವ ಕೋಷ್ಟಕವೇ ಮ್ಯಾಪ್. ಗಾಡಿ ಅದರಲ್ಲಿ ಮೊದಲು ಓದುತ್ತಿದ್ದ ಮನೆ ಬಿಟ್ಟು ಪಕ್ಕದ ಮನೆ ಓದಲು ಶುರು ಮಾಡುತ್ತದೆ. ಅದಕ್ಕೇ ನನ್ನ ಲೆಕ್ಕ ಸರಳ: ಗೇರಿಂಗ್ ಮೊದಲು, ಟ್ಯೂನಿಂಗ್ ಆಮೇಲೆ. ಮೊದಲು ದುಡ್ಡು ಕೊಟ್ಟು ಮ್ಯಾಪ್ ಮಾಡಿಸಿ ಆಮೇಲೆ ಸ್ಪ್ರಾಕೆಟ್ ಬದಲಿಸಿದರೆ ಆ ಕೆಲಸವನ್ನು ಅರ್ಧ ಮತ್ತೆ ಮಾಡಬೇಕಾಗುತ್ತದೆ.

ನನ್ನ ಗಾಡಿ ರಾಯಲ್ ಎನ್‌ಫೀಲ್ಡ್ ಇಂಟರ್ಸೆಪ್ಟರ್ 650. 648 ಸಿಸಿ, ಎರಡು ಸಿಲಿಂಡರ್, 270 ಡಿಗ್ರಿ ಕ್ರ್ಯಾಂಕ್. ಕಂಪನಿಯಿಂದ ಬರುವುದು ಮುಂದೆ 15, ಹಿಂದೆ 38 ಹಲ್ಲು. ನಾನು ಜಾಸ್ತಿ ಓಡಿಸುವುದು ಬೆಂಗಳೂರು–ಮಂಗಳೂರು ದಾರಿ. ಹಾಸನದವರೆಗೆ ನೇರ ರಸ್ತೆ, 90–100ರಲ್ಲಿ ಗಂಟೆಗಟ್ಟಲೆ ಒಂದೇ ಸಮ. ಇಂಜಿನ್ ಅಲ್ಲಿ ಇನ್ನೂ ಸ್ವಲ್ಪ ನಿಧಾನ ತಿರುಗಿದರೆ ಚೆನ್ನ ಅನ್ನಿಸಿತ್ತು, ಅಷ್ಟೇ.

ಅಂಗಡಿಗೆ ಹೋಗುವ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ. ಇದಕ್ಕೆ ಮೂರು ಸಂಖ್ಯೆ ಸಾಕು. ಈ ಗಾಡಿಯ ಪ್ರೈಮರಿ ಅನುಪಾತ (ಇಂಜಿನ್‌ನಿಂದ ಕ್ಲಚ್‌ಗೆ) 2.05, ಆರನೇ ಗೇರ್ 0.871, ಸ್ಪ್ರಾಕೆಟ್ 38 ಭಾಗಿಸು 15, ಅಂದರೆ 2.533. ಮೂರನ್ನೂ ಗುಣಿಸಿದರೆ 4.52. ಹಿಂದಿನ ಟೈರ್ 130/70-18, ಒಂದು ಸುತ್ತಿಗೆ ಹತ್ತಿರ ಹತ್ತಿರ 2 ಮೀಟರ್. 100 ಕಿಮೀ ವೇಗದಲ್ಲಿ ಚಕ್ರ ನಿಮಿಷಕ್ಕೆ 830 ಸುತ್ತು ತಿರುಗುತ್ತದೆ, ಇಂಜಿನ್ ಸುಮಾರು 3,750. ಮುಂದೆ 16 ಹಲ್ಲು ಹಾಕಿದರೆ 3,520. 17 ಹಾಕಿದರೆ 3,310.

17 ನೋಡಿ ಆಸೆ ಆಗುತ್ತದೆ. ಆದರೆ ಅದೇ ಲೆಕ್ಕವನ್ನು ಕೆಳಗಿನ ಗೇರ್‌ಗಳಿಗೂ ಹಾಕಿ. ಘಾಟಿಯ ಹೇರ್‌ಪಿನ್‌ನಲ್ಲಿ ಎರಡನೇ ಗೇರ್, ವೇಗ 25 ಅಂದುಕೊಳ್ಳಿ. 15 ಹಲ್ಲಿಗೆ ಇಂಜಿನ್ 1,950ರಲ್ಲಿ ಇರುತ್ತದೆ, 16ಕ್ಕೆ 1,830, 17ಕ್ಕೆ 1,720. ಹಿಂದೆ ಒಬ್ಬರು ಕೂತು, ಎರಡು ಬ್ಯಾಗ್ ಕಟ್ಟಿಕೊಂಡು ಚಾರ್ಮಾಡಿ ಹತ್ತುವವರಿಗೆ 1,720 ಅಂದರೆ ಪ್ರತಿ ತಿರುವಿನಲ್ಲೂ ಮೊದಲ ಗೇರ್. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕ್ಲಚ್ ಹಿಡಿದು ಬಿಟ್ಟು ಮಾಡುವವರಿಗೂ ಅದೇ ಕಷ್ಟ. ನಾನು 16ಕ್ಕೇ ನಿಲ್ಲಿಸಿದೆ. ಸುಮಾರು ಶೇ. 6ರ ಬದಲಾವಣೆ. ಕೇಳಲು ಚಿಕ್ಕದು, ಓಡಿಸುವಾಗ ಚೆನ್ನಾಗಿಯೇ ಗೊತ್ತಾಗುತ್ತದೆ.

ಹಿಂದಿನ ಸ್ಪ್ರಾಕೆಟ್ ಚಿಕ್ಕದು ಮಾಡಿಯೂ ಇದೇ ಫಲ ಪಡೆಯಬಹುದು, ಆದರೆ ಅದಕ್ಕೆ ಖರ್ಚು ಜಾಸ್ತಿ, ಚಕ್ರ ಬಿಚ್ಚಬೇಕು. ಮುಂದಿನದು ದೊಡ್ಡದಾದರೆ ಚೈನ್ ಅಷ್ಟು ಕಿರಿದಾಗಿ ಬಾಗಬೇಕಿಲ್ಲ, ಅದಕ್ಕೂ ಒಳ್ಳೆಯದೇ. ಅಂದಹಾಗೆ ಹಾರ್ಲೆಯಂಥ ಬೆಲ್ಟ್ ಗಾಡಿ ಇಟ್ಟುಕೊಂಡವರಿಗೆ ಈ ಸುಲಭ ಇಲ್ಲ. ಚೈನ್‌ನಂತೆ ಬೆಲ್ಟ್‌ನಲ್ಲಿ ಲಿಂಕ್ ತೆಗೆಯಲು, ಸೇರಿಸಲು ಆಗುವುದಿಲ್ಲ. ಪುಲ್ಲಿ ಹಲ್ಲು ಜಾಸ್ತಿ ಬದಲಾದರೆ ಬೇರೆ ಉದ್ದದ ಬೆಲ್ಟೇ ಬೇಕು. ಆಕ್ಸಲ್ ಹಿಂದೆ ಮುಂದೆ ಸರಿಯುವ ಜಾಗ ಎಷ್ಟಿದೆ ಅಂತ ಅಳೆದು ನೋಡಿಯೇ ಪುಲ್ಲಿ ಆರಿಸಬೇಕು.

ಬದಲಿಸುವ ಕೆಲಸದಲ್ಲಿ ಹೇಳುವಂಥದ್ದು ಕಡಿಮೆ. ಎಡಗಡೆ ಕವರ್ ತೆಗೆದು, ಲಾಕ್ ವಾಷರ್‌ನ ಮಡಚಿದ ಕಿವಿ ಬಿಡಿಸಿ, ಗಾಡಿ ಗೇರ್‌ನಲ್ಲಿಟ್ಟು, ಒಬ್ಬರು ಹಿಂದಿನ ಬ್ರೇಕ್ ಒತ್ತಿ ಹಿಡಿದಾಗ ನಟ್ ಸಡಿಲಿಸಬೇಕು. ಚೈನ್ ಸಡಿಲ ಮಾಡುವ ಮೊದಲೇ ನಟ್ ಸಡಿಲಿಸಿಕೊಳ್ಳಿ, ಇಲ್ಲದಿದ್ದರೆ ಸ್ಪ್ರಾಕೆಟ್ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಒಂದು ಹಲ್ಲಿಗೆ ಹಿಂದಿನ ಚಕ್ರ ಸುಮಾರು 4 ಮಿಮೀ ಮುಂದಕ್ಕೆ ಬರುತ್ತದೆ, ಆದ್ದರಿಂದ ಹಳೇ ಚೈನೇ ಸಾಕಾಯಿತು. ವಾಷರ್ ಮಾತ್ರ ಹೊಸದು ಹಾಕಿ. ಟಾರ್ಕ್ ವ್ರೆಂಚ್ ಇಲ್ಲದೆ ಬಿಗಿ ಮಾಡಬೇಡಿ. ಕವರ್ ಮುಚ್ಚುವ ಮೊದಲು ಚಕ್ರವನ್ನು ಕೈಯಲ್ಲಿ ಪೂರ್ತಿ ತಿರುಗಿಸಿ ಚೈನ್ ಎಲ್ಲೂ ತಾಗುತ್ತಿಲ್ಲ ಅಂತ ನೋಡಿ. ಕೆಲವು ಗಾಡಿಗಳಲ್ಲಿ ವೇಗದ ಸೆನ್ಸರ್ ಗೇರ್‌ಬಾಕ್ಸ್‌ನಲ್ಲಿ ಇರುತ್ತದೆ. ಅಂಥವುಗಳಲ್ಲಿ ಸ್ಪ್ರಾಕೆಟ್ ಬದಲಾದರೆ ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ. ಚಕ್ರದಿಂದ ಓದುವ ಗಾಡಿಗೆ ಆ ತೊಂದರೆ ಇಲ್ಲ.

ಇನ್ನು ಮ್ಯಾಪ್. ಕಂಪನಿಯ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಅದರೊಳಗೆ ಕೈ ಹಾಕುವ ಧೈರ್ಯ ನನಗಿಲ್ಲ. ಮೇಲೊಂದು ಪಿಗ್ಗಿಬ್ಯಾಕ್ ಡಬ್ಬಿ ಹಾಕಿದೆ, ಪವರ್‌ಟ್ರಾನಿಕ್. ನಮ್ಮ ಬೆಂಗಳೂರಿನ ರೇಸ್ ಡೈನಾಮಿಕ್ಸ್ ಕಂಪನಿಯದೇ. ಇದು ಇಸಿಯು ಮತ್ತು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ನಡುವೆ ಕೂತು, ಇಸಿಯು ಕೊಡುವ ಪೆಟ್ರೋಲನ್ನು ಶೇಕಡಾ ಇಷ್ಟು ಹೆಚ್ಚು ಅಥವಾ ಕಡಿಮೆ ಮಾಡುತ್ತದೆ. ಒಂದು ಕಡೆ ಆರ್‌ಪಿಎಂ, ಇನ್ನೊಂದು ಕಡೆ ಥ್ರಾಟಲ್, ನಡುವೆ ಅಂಕಿಗಳ ಕೋಷ್ಟಕ. ಇಗ್ನಿಷನ್‌ಗೂ, ಅಂದರೆ ಪ್ಲಗ್ ಕಿಡಿ ಹಾರಿಸುವ ಸಮಯಕ್ಕೂ, ಅಂಥದ್ದೇ ಇನ್ನೊಂದು. ಶೇಕಡಾ ಲೆಕ್ಕ ಆಗಿರುವುದರಿಂದ ಒಂದು ಅನುಕೂಲ ಇದೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರ, ಮಂಗಳೂರು ಕಡಲ ಪಕ್ಕ. ಗಾಳಿಯ ಒತ್ತಡದ ಈ ವ್ಯತ್ಯಾಸವನ್ನು ಮೂಲ ಇಸಿಯು ನೋಡಿಕೊಳ್ಳುತ್ತದೆ, ನಮ್ಮ ಅಂಕಿ ಅದರ ಮೇಲೆ ಸುಮ್ನೆ ಕೂತಿರುತ್ತದೆ.

ನಾನು ಏರ್ ಫಿಲ್ಟರ್ ಮಾತ್ರ ಬದಲಿಸಿದ್ದೆ, ಸೈಲೆನ್ಸರ್ ಮೂಲದ್ದೇ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದು ಸದ್ದು ಮಾಡಿಕೊಂಡು ಓಡಾಡುವುದು ನನಗೆ ಇಷ್ಟವಿಲ್ಲ, ಪೊಲೀಸರಿಗಂತೂ ಇನ್ನೂ ಇಷ್ಟವಿಲ್ಲ. ವಾರಂಟಿ ಇರುವ ಗಾಡಿಯಾದರೆ ಇದಕ್ಕೆಲ್ಲ ಕೈ ಹಾಕುವ ಮೊದಲು ಅದರ ಕರಾರು ಓದಿ.

ಅಳತೆ ಇಲ್ಲದೆ ಟ್ಯೂನಿಂಗ್ ಇಲ್ಲ. ಗಾಡಿಯಲ್ಲಿ ಇರುವ ಆಕ್ಸಿಜನ್ ಸೆನ್ಸರ್ ನ್ಯಾರೋಬ್ಯಾಂಡ್. ಗಾಳಿ-ಪೆಟ್ರೋಲ್ ಮಿಶ್ರಣ ಸರಿಯಾದ ಬಿಂದುವಿನ ಈ ಕಡೆ ಇದೆಯೋ ಆ ಕಡೆ ಇದೆಯೋ ಅಂತ ಮಾತ್ರ ಹೇಳುತ್ತದೆ, ಎಷ್ಟು ದೂರ ಅಂತ ಹೇಳುವುದಿಲ್ಲ. ಅದಕ್ಕೆ ದೂರವನ್ನೂ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಬೇಕು. ಎಕ್ಸಾಸ್ಟ್ ಪೈಪಿಗೆ ಬಂಗ್ (ಸೆನ್ಸರ್ ಕೂರಿಸುವ ತಿರುಪಿನ ಬಳೆ) ವೆಲ್ಡ್ ಮಾಡಿಸಿ ಬಾಷ್ ಎಲ್‌ಎಸ್‌ಯು 4.9 ಹಾಕಿದೆ. ಸೆನ್ಸರ್ ತುದಿ ಕೆಳಮುಖವಾಗಿ ಇರಬೇಕು, ಇಲ್ಲದಿದ್ದರೆ ಬೆಳಗಿನ ನೀರಹನಿ ಅದರೊಳಗೆ ಸೇರಿ ಹಾಳಾಗುತ್ತದೆ. ಸೆನ್ಸರ್‌ಗಿಂತ ಮೇಲೆ ಪೈಪಿನ ಜಾಯಿಂಟ್‌ನಲ್ಲಿ ಕೂದಲೆಳೆಯಷ್ಟು ಲೀಕ್ ಇದ್ದರೂ ಹೊರಗಿನ ಗಾಳಿ ಸೇರಿ ಲೀನ್ (ಪೆಟ್ರೋಲ್ ಕಮ್ಮಿ) ಅಂತ ತೋರಿಸುತ್ತದೆ. ಅದನ್ನು ನಂಬಿ ಪೆಟ್ರೋಲ್ ಸುರಿದರೆ ಪ್ಲಗ್ ಕಪ್ಪಾಗುವುದೇ ಲಾಭ.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ಪಂಪಿನಲ್ಲಿ ಈಗ ಸಿಗುವುದು ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಅದು ಶುರುವಾಗಿದ್ದೂ ಇಲ್ಲೇ, 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ. ಶುದ್ಧ ಪೆಟ್ರೋಲಿಗೆ ಸರಿಯಾದ ಮಿಶ್ರಣ 14.7 ಭಾಗ ಗಾಳಿಗೆ 1 ಭಾಗ ಪೆಟ್ರೋಲ್. ಎಥನಾಲ್‌ಗೆ ಅದು 9. ಇ20ಗೆ ಲೆಕ್ಕ ಹಾಕಿದರೆ 13.5 ಆಸುಪಾಸು. ಆದರೆ ಮೀಟರ್ ಒಳಗೆ ಅಳೆಯುವುದು ಲ್ಯಾಂಬ್ಡಾ: ಯಾವ ಪೆಟ್ರೋಲ್ ಆದರೂ ಸರಿಯಾದ ಮಿಶ್ರಣಕ್ಕೆ 1, ಪೆಟ್ರೋಲ್ ಜಾಸ್ತಿಯಾದರೆ 1ಕ್ಕಿಂತ ಕಡಿಮೆ. ಅದನ್ನು 14.7ರಿಂದ ಗುಣಿಸಿ ಪರದೆ ಮೇಲೆ ಹಾಕುತ್ತದೆ. ಟ್ಯಾಂಕಿನಲ್ಲಿ ಯಾವ ಪೆಟ್ರೋಲ್ ಇದೆ ಅಂತ ಅದಕ್ಕೇನು ಗೊತ್ತು? "ಇ20 ಅಲ್ವಾ, 13.5 ತೋರಿಸಬೇಕು" ಅಂತ ಟ್ಯೂನ್ ಮಾಡಿದರೆ ಬೇಕಾದ್ದಕ್ಕಿಂತ ಶೇ. 8ರಷ್ಟು ರಿಚ್ (ಪೆಟ್ರೋಲ್ ಜಾಸ್ತಿ) ಆಗುತ್ತದೆ. ಮೀಟರನ್ನು ಲ್ಯಾಂಬ್ಡಾಗೆ ಬದಲಿಸಿಕೊಂಡುಬಿಡಿ, ತಲೆನೋವು ತಪ್ಪುತ್ತದೆ. ನಾನು ಇಟ್ಟುಕೊಂಡ ಗುರಿ: ನಿಧಾನ ಓಟದಲ್ಲಿ 1ರ ಹತ್ತಿರ, ಪೂರ್ತಿ ಥ್ರಾಟಲ್‌ನಲ್ಲಿ 0.86–0.88. ಗಾಳಿ, ಆಯಿಲ್‌ನಿಂದ ತಣಿಯುವ ಇಂಜಿನ್, ಪೂರ್ತಿ ಥ್ರಾಟಲ್‌ನಲ್ಲಿ ಅದನ್ನು ಲೀನ್ ಓಡಿಸುವುದು ಬೇಡ.

ಪೂರ್ತಿ ಥ್ರಾಟಲ್ ಭಾಗವನ್ನು ಡೈನೋ, ಅಂದರೆ ಗಾಡಿಯನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರದ ಮೇಲೆ ಮಾಡಿಸಿದೆ, ರಸ್ತೆಯಲ್ಲಿ ಅದು ಮಾಡುವಂಥ ಕೆಲಸ ಅಲ್ಲ. ಉಳಿದದ್ದು ರಸ್ತೆಯಲ್ಲೇ ಆಗಬೇಕು. ಡೈನೋದಲ್ಲೂ ಎರಡು ಜಾತಿ. ಭಾರದ ಡ್ರಮ್ ಸುತ್ತಿಸುವ ಇನರ್ಷಿಯಾ ಡೈನೋದಲ್ಲಿ ಥ್ರಾಟಲ್ ಶೇ. 20ರಲ್ಲಿ ಹಿಡಿದು, 3,500 ಆರ್‌ಪಿಎಂನಲ್ಲೇ ಇಂಜಿನ್ ನಿಲ್ಲಿಸಲು ಆಗುವುದಿಲ್ಲ. ಡ್ರಮ್ ತಡೆದು ಹಿಡಿಯುವ ಎಡ್ಡಿ ಕರೆಂಟ್ (ವಿದ್ಯುತ್ಕಾಂತದ) ಬ್ರೇಕ್ ಇರುವ ಡೈನೋ ಆದರೆ ಆಗುತ್ತದೆ. ಹಣ ಕೊಡುವ ಮೊದಲು ಯಾವುದು ಅಂತ ಕೇಳಿ. ರಸ್ತೆಗೆ ನಾನು ಆರಿಸಿದ್ದು ಕುಣಿಗಲ್ ದಾಟಿದ ಮೇಲಿನ ಸಮತಟ್ಟು. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಗಾಳಿ ಇಲ್ಲದ ಮುಂಜಾನೆ, ಒಂದೇ ತುಂಡನ್ನು ಎರಡೂ ದಿಕ್ಕಿನಲ್ಲಿ. ಅಂಕಿಗಳ ದಾಖಲೆ, ಅಂದರೆ ಲಾಗ್, ತನ್ನ ಪಾಡಿಗೆ ಬರೆದುಕೊಳ್ಳುತ್ತದೆ, ಓಡಿಸುವಾಗ ಪರದೆ ನೋಡಬೇಡಿ. ಮನೆಗೆ ಬಂದು ನೋಡಿದರೆ ಸಾಕು.

ಲಾಗ್ ತೆರೆದಾಗ ಮೊದಲ ವಿಷಯ ಸ್ಪಷ್ಟವಾಯಿತು. ಸಮತಟ್ಟಿನಲ್ಲಿ 90–100ರಲ್ಲಿ ಏನೂ ಮುಟ್ಟಬೇಕಾಗಿಲ್ಲ. ಅಲ್ಲಿ ಇಸಿಯು ಕ್ಲೋಸ್ಡ್ ಲೂಪ್‌ನಲ್ಲಿದೆ, ಅಂದರೆ ಆಕ್ಸಿಜನ್ ಸೆನ್ಸರ್ ನೋಡಿ ಪೆಟ್ರೋಲನ್ನು ತಾನೇ ತಿದ್ದಿಕೊಳ್ಳುತ್ತಿದೆ. ನಾವು ಡಬ್ಬಿಯಲ್ಲಿ ಶೇ. 5 ಸೇರಿಸಿದರೆ, ಸೆನ್ಸರ್ ನೋಡಿ ಇಸಿಯು ಶೇ. 5 ಕಿತ್ತುಕೊಳ್ಳುತ್ತದೆ. ಈ ಜಗಳಕ್ಕೆ ಕೊನೆಯಿಲ್ಲ. ಆ ಮನೆಗಳಲ್ಲಿ ಸೊನ್ನೆ ಬಿಟ್ಟೆ.

ತೊಂದರೆ ಇದ್ದದ್ದು ಸಕಲೇಶಪುರದ ಕಡೆಯ ಏರಿನಲ್ಲಿ. ಹಳೇ ಗೇರಿಂಗ್‌ನಲ್ಲಿ ಆ ಏರನ್ನು ಆರನೇ ಗೇರ್‌ನಲ್ಲಿ ಕ್ಲೋಸ್ಡ್ ಲೂಪ್ ಒಳಗೇ ಹತ್ತುತ್ತಿದ್ದ ಗಾಡಿ, 16 ಹಲ್ಲು ಬಂದ ಮೇಲೆ ಥ್ರಾಟಲ್ ಜಾಸ್ತಿ ಕೇಳಿ ಸರಿಯಾಗಿ ಆ ಲೂಪ್‌ನ ಗಡಿಯ ಮೇಲೆ ನಿಂತುಬಿಡುತ್ತಿತ್ತು. ಒಂದು ಕ್ಷಣ ಇಸಿಯು ಸೆನ್ಸರ್ ನಂಬುತ್ತದೆ, ಇನ್ನೊಂದು ಕ್ಷಣ ಬಿಟ್ಟು ತನ್ನ ಮ್ಯಾಪ್ ಓದುತ್ತದೆ. ಲ್ಯಾಂಬ್ಡಾ 1ರಿಂದ 0.9ಕ್ಕೆ ಜಿಗಿದು ವಾಪಸ್ ಬರುತ್ತದೆ. ಕೂತವರಿಗೆ ಅದು ಗಾಡಿ ಸಣ್ಣಗೆ ಎಳೆದು ಬಿಟ್ಟ ಹಾಗೆ ಗೊತ್ತಾಗುತ್ತದೆ. ಗಡಿಯ ಆಚೆಗಿನ ಒಂದೆರಡು ಸಾಲಿನಲ್ಲಿ ಶೇ. 4 ಕಡಿಮೆ ಮಾಡಿ, ಅದರ ಮೇಲಿನ ಸಾಲಿನಲ್ಲಿ ಶೇ. 2 ಕಡಿಮೆ ಮಾಡಿ, ಆಮೇಲೆ ನಿಧಾನ ಡೈನೋ ಅಂಕಿಗೆ ಸೇರಿಸಿದೆ. ಮೆಟ್ಟಿಲು ಹೋಗಿ ಇಳಿಜಾರು ಆಯಿತು. ಇಡೀ ಕೆಲಸದಲ್ಲಿ ಅತಿ ಜಾಸ್ತಿ ಸಮಯ ತಿಂದದ್ದೂ ಇದೇ, ಅತಿ ಜಾಸ್ತಿ ಸುಖ ಕೊಟ್ಟದ್ದೂ ಇದೇ.

ಎರಡನೆಯದು ನಾಕಿಂಗ್, ಅಂದರೆ ಸಿಲಿಂಡರ್ ಒಳಗಿನ ಮಿಶ್ರಣ ತಾನಾಗಿಯೇ ಸಿಡಿಯುವುದು. ಕಡಿಮೆ ಆರ್‌ಪಿಎಂ, ಜಾಸ್ತಿ ಲೋಡ್, ಬಿಸಿ ಇಂಜಿನ್, ಮೂರೂ ಸೇರಿದರೆ ಕಿವಿಗೆ ಟಕಟಕ ಬೀಳುತ್ತದೆ. ಇದಕ್ಕೆ ಮೊದಲ ಮದ್ದು ಎಡಗಾಲಿನಲ್ಲೇ ಇದೆ, ಒಂದು ಗೇರ್ ಇಳಿಸುವುದು. ಹೊಸ ಐದನೇ ಗೇರ್ 100ರಲ್ಲಿ 3,890 ಆರ್‌ಪಿಎಂ, ಹಳೇ ಆರನೆಯದಕ್ಕಿಂತ ಸ್ವಲ್ಪವೇ ಮೇಲೆ. ಏರು ಬಂದರೆ ಅದೇ ಈಗ ಟಾಪ್ ಗೇರ್ ಅಂದುಕೊಳ್ಳಿ. ಅಷ್ಟಾದರೂ 2,000–3,000ದ ನಡುವೆ, ಅರ್ಧಕ್ಕಿಂತ ಜಾಸ್ತಿ ಥ್ರಾಟಲ್ ಇರುವ ಮನೆಗಳಲ್ಲಿ ಇಗ್ನಿಷನ್ 2 ಡಿಗ್ರಿ ತಡ ಮಾಡಿದೆ. ಶಕ್ತಿ ಹೋದದ್ದು ಗೊತ್ತಾಗಲಿಲ್ಲ.

ಮೈಲೇಜ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಸಮತಟ್ಟಿನಲ್ಲಿ ಚೂರು ಸುಧಾರಿಸಿದೆ, ಊರೊಳಗೆ ಏನೂ ಇಲ್ಲ. 100ರಲ್ಲಿ ಗಾಳಿ ಸೀಳಲು ಬೇಕಾದ ಶಕ್ತಿ ಯಾವ ಸ್ಪ್ರಾಕೆಟ್ ಹಾಕಿದರೂ ಅಷ್ಟೇ. ಮೈಲೇಜಿಗಾಗಿಯೇ ಮಾಡುವುದಾದರೆ ಡಬ್ಬಿ, ಸೆನ್ಸರ್, ಡೈನೋಗೆ ಹಾಕಿದ ದುಡ್ಡು ಯಾವ ಕಾಲಕ್ಕೂ ವಾಪಸ್ ಬರುವುದಿಲ್ಲ.

ಡಬ್ಬಿಯಲ್ಲಿ ಎರಡು ಮ್ಯಾಪ್ ಇಡಲು ಜಾಗ ಇದೆ, ಸ್ವಿಚ್ ಒತ್ತಿ ಬದಲಿಸಬಹುದು. ಎರಡನೆಯದರಲ್ಲಿ ಜೋರು ಮ್ಯಾಪ್ ತುಂಬುವುದು ರೂಢಿ. ನಾನು ಅಲ್ಲಿ ಎಲ್ಲ ಮನೆಗೂ ಸೊನ್ನೆ ಹಾಕಿಟ್ಟಿದ್ದೇನೆ. ಗಾಡಿಯಲ್ಲಿ ಏನಾದರೂ ವಿಚಿತ್ರ ಕಂಡರೆ ಮೊದಲು ಅದಕ್ಕೆ ಬದಲಿಸಿ ಓಡಿಸಿ ನೋಡುತ್ತೇನೆ. ತೊಂದರೆ ಹೋದರೆ ನನ್ನ ಅಂಕಿಯದು. ಹೋಗದಿದ್ದರೆ ಪ್ಲಗ್, ಫಿಲ್ಟರ್, ಪೆಟ್ರೋಲ್ ಕಡೆ ನೋಡುತ್ತೇನೆ.